ಕರಿ ಕಾರೋ, ಬಿಳಿ ಗಾಡಿಯೋ

ಹಳೇ ಕಾರು ಮಾರುವವನ ಅಂಗಡಿಯಲ್ಲಿ ನಗುವಿಗೆ ಬರ ಅನ್ನುವುದೇ ಇಲ್ಲ. ಮಂಡ್ಯದ ಹೆದ್ದಾರಿ ಪಕ್ಕ ನಾನು ಅಂಗಡಿ ಇಟ್ಟು ಹದಿನಾರು ವರ್ಷವಾಯಿತು. ಕಾರು ನೋಡಲು ಬಂದವರು ಕಾರಿನ ವಿಷಯ ಮಾತಾಡುವುದು ಹತ್ತು ನಿಮಿಷ. ಆಮೇಲೆ ಮನೆ ವಿಷಯವನ್ನೆಲ್ಲ ಬಾನೆಟ್ ಮೇಲೆ ಹರವಿಕೊಂಡು ಕೂರುತ್ತಾರೆ. ಅಂಥವರು ಬೇಕಾದಷ್ಟು ಜನ ಬಂದಿದ್ದಾರೆ. ಆದರೆ ನಮ್ಮ ಡ್ರಿಲ್ ಮೇಷ್ಟ್ರ ಸಂಸಾರ ಬಂದು ಹೋದ ಮೇಲೆ ಮಿಕ್ಕವರೆಲ್ಲ ಮರೆತೇ ಹೋದರು.

ಕೂತವರು ಏಳಲಿಲ್ಲ

ಮೇಷ್ಟ್ರು ಆತಗೂರಿನವರು. ಹೈಸ್ಕೂಲಿನಲ್ಲಿ ನನ್ನನ್ನು ಮೈದಾನದ ಸುತ್ತ ಓಡಿಸಿ ಓಡಿಸಿ ಹೈರಾಣು ಮಾಡಿದವರು. ಈಗ ರಿಟೈರಾಗಿದ್ದಾರೆ. ಅವರ ಹೆಂಡತಿ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಆಕೆಯನ್ನು ಎಲ್ಲರೂ ಡೈರಿಯಮ್ಮ ಅನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದು ಬೆಳಿಗ್ಗೆ ಬಂದು ಅಂಗಡಿ ಮುಂದೆ ನಿಂತರು.

ಆವತ್ತು ನನ್ನಲ್ಲಿ ಎರಡು ಒಳ್ಳೇ ಗಾಡಿ ಇದ್ದವು. ಒಂದು, ಮೈಸೂರಿನ ಡಾಕ್ಟರೊಬ್ಬರು ಇಟ್ಟುಕೊಂಡಿದ್ದ ಕರೀ ಬಣ್ಣದ ಐಷಾರಾಮಿ ಸೆಡಾನ್. ಉದ್ದಕ್ಕೆ, ನೆಲಕ್ಕೆ ಅಂಟಿಕೊಂಡಂತೆ, ಮಿರಮಿರ ಮಿಂಚುತ್ತಿತ್ತು. ಇನ್ನೊಂದು, ಮಳವಳ್ಳಿಯ ಕಂಟ್ರಾಕ್ಟರೊಬ್ಬರ ಬಿಳೀ ಎಸ್‌ಯುವಿ. ಅದು ಪಕ್ಕದಲ್ಲೇ ಆನೆ ನಿಂತ ಹಾಗೆ ನಿಂತಿತ್ತು.

"ಕಾರು ಅಂದ್ರೆ ಇದು ಕಣ್ಲಾ," ಅಂದರು ಮೇಷ್ಟ್ರು, ಕರಿಯದರ ಮೇಲೆ ಕೈಯಾಡಿಸುತ್ತ.

"ಗಾಡಿ ಅಂದ್ರೆ ಅದು ಕಣಪ್ಪ," ಅಂದರು ಡೈರಿಯಮ್ಮ, ಬಿಳಿಯದರ ಟೈರು ಒದ್ದು ನೋಡುತ್ತ.

ಮೇಷ್ಟ್ರು ತಡಮಾಡದೆ ಸೆಡಾನಿನ ಬಾಗಿಲು ತೆಗೆದು ಒಳಗೆ ಜಾರಿದರು. ಜಾರಿದರು ಅನ್ನುವುದೇ ಸರಿ. ಸೀಟು ಅಷ್ಟು ತಗ್ಗು, ಅಷ್ಟು ಮೆತ್ತಗೆ. ಸ್ಟೇರಿಂಗು ಹಿಡಿದರು, ಕನ್ನಡಿ ನೋಡಿಕೊಂಡರು, ಮೀಸೆ ತೀಡಿದರು. ಎಲ್ಲ ಆಯಿತು. ಏಳಲು ಹೋದರೆ ಆಗಲಿಲ್ಲ! ಬಾಗಿಲು ಹಿಡಿದು ಒಂದು ಸಲ ಎದ್ದರು, ಕೂತರು. ಸ್ಟೇರಿಂಗು ಹಿಡಿದು ಇನ್ನೊಂದು ಸಲ ಎದ್ದರು, ಹಾರನ್ನು ಬಡಕೊಂಡಿತು, ಕೂತರು. ಮೂವತ್ತು ವರ್ಷ ಇಡೀ ಊರಿನ ಮಕ್ಕಳಿಗೆ ಏಳು, ಕೂರು, ಏಳು, ಕೂರು ಅಂತ ಹೇಳಿಕೊಟ್ಟ ಮನುಷ್ಯ!

ನಾನು ಎರಡೂ ಕೈ ಹಿಡಿದು ಎಳೆಯುತ್ತಿದ್ದರೆ ಡೈರಿಯಮ್ಮ ಹಿಂದಿನಿಂದ ಅಂದರು: "ಬುಡಪ್ಪ, ಯಾಕೆ ಸುಮ್ಕೆ ಎಳದಾಡ್ತೀಯ? ಅಲ್ಲೇ ಇರ್ಲಿ. ಮದ್ಯಾನಕ್ಕೆ ಮುದ್ದೆ ಇಲ್ಲಿಗೇ ಕಳಿಸ್ಕೊಡ್ತೀನಿ."

ಸೀಟೊಳಗೆ ಯಾರೋ ಅವ್ರೆ

ಆ ಮಾತಿನಿಂದ ಮನೆಯಲ್ಲಿ ಯುದ್ಧವೇ ಶುರುವಾಯಿತಂತೆ. ಮುಂದಿನ ವಾರ ಸೆಡಾನನ್ನು ಓಡಿಸಿ ನೋಡಲು ಬಂದಾಗ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಜೊತೆಯಲ್ಲಿ ಮೇಷ್ಟ್ರ ತಾಯಿಯೂ ಇದ್ದರು. ಎಂಬತ್ತು ದಾಟಿದ ಅಜ್ಜಿ. ಮಾರುವ ತನಕ ಗಾಡಿಯನ್ನು ರಸ್ತೆಗೆ ತೆಗೆಯುವುದು ನಾನೇ. ಹಾಗಾಗಿ ಸ್ಟೇರಿಂಗು ನನ್ನ ಕೈಲಿ, ಪಕ್ಕದಲ್ಲಿ ಅಜ್ಜಿ, ಹಿಂದೆ ಇವರಿಬ್ಬರು.

"ಲೋ, ಗಾಜು ಏರ್ಸು ಅಂತ ಅವಳ್ಗೆ ಯೋಳ್ಲಾ," ಅಂದರು ಮೇಷ್ಟ್ರು. ಅವರ ಮೊಣಕೈ ಹೆಂಡತಿಯ ಮೊಣಕೈಗೆ ತಾಗುತ್ತಿತ್ತು.

"ಗಾಳಿ ಬೇಕು ಅಂತ ಅವ್ರಿಗೆ ಯೋಳಪ್ಪ," ಅಂದರು ಡೈರಿಯಮ್ಮ.

ನಾನು ಗಾಜಿನ ಗುಂಡಿ ಹುಡುಕಲು ಹೋಗಿ ಇನ್ಯಾವುದೋ ಗುಂಡಿ ಒತ್ತಿಬಿಟ್ಟೆ. ಅಜ್ಜಿ ಚಿಟ್ಟನೆ ಚೀರಿದರು. "ಅಯ್ಯಯ್ಯೋ, ಸೀಟೊಳಗೆ ಯಾರೋ ಅವ್ರೆ ಕಣ್ಲಾ! ಬೆನ್ನ್ ಮುಟ್ತಾವ್ರೆ!"

"ಯಾರೂ ಇಲ್ಲ ಅಜ್ಜಿ, ಅದು ಮಸಾಜು. ಸೀಟೇ ಬೆನ್ನು ಒತ್ತುತ್ತದೆ," ಅಂದೆ.

ಅಜ್ಜಿ ಅನುಮಾನದಿಂದ ನಿಧಾನಕ್ಕೆ ಒರಗಿದರು. ಆಮೇಲೆ ಮದ್ದೂರು ಬರುವ ತನಕ ಆ ಗುಂಡಿ ಆರಿಸಲು ಬಿಡಲಿಲ್ಲ. ಮದ್ದೂರಿನಲ್ಲಿ ವಡೆ ತಿನ್ನಲು ಮೇಷ್ಟ್ರನ್ನೂ ಕೈಹಿಡಿದು ಎಳೆದುಕೊಂಡು ಎಲ್ಲರೂ ಇಳಿದರೆ ಅಜ್ಜಿ ಇಳಿಯಲಿಲ್ಲ. ವಡೆಯನ್ನು ಅಲ್ಲಿಗೇ ತಂದುಕೊಟ್ಟೆ. ಕಣ್ಣು ಮುಚ್ಚಿಕೊಂಡೇ ತಿಂದರು.

"ಕಾರು ಎಂಗದೆ ಅಜ್ಜಿ?" ಅಂದೆ, ಆಸೆಯಿಂದ.

"ಕಾರು ಯಾವನಿಗ್ ಬೇಕ್ಲಾ? ಈ ಸೀಟೊಂದ್ನ ಕಿತ್ ಕೊಟ್ಬುಡು. ಪಡಸಾಲೇಲಿ ಆಕ್ಕಂಡು ಕೂತ್ಕತೀನಿ."

ಸಾಲಾಗಿ ನಿಲ್ರಿ

ವಡೆ ತಿಂದು ಆತಗೂರಿನ ಕಡೆ ತಿರುಗಿದೆವು. ನಡುವೆ ಒಂದು ಊರಿನಲ್ಲಿ ಪಂಚಾಯ್ತಿ ಆಫೀಸಿನ ಮುಂದೆ ಹುಣಸೆ ಮರದ ನೆರಳು ಚೆನ್ನಾಗಿದೆ ಅಂತ ಕಾರು ನಿಲ್ಲಿಸಿದೆ. ತಪ್ಪು ಅಲ್ಲೇ ಆಗಿದ್ದು. ಆವತ್ತು ಅಲ್ಲಿಗೆ ಯಾರೋ ಸಾಹೇಬರು ಬರುವವರಿದ್ದರು. ಇಪ್ಪತ್ತು ಮೂವತ್ತು ಜನ ಅರ್ಜಿ ಹಿಡಿದು ಕಾಯುತ್ತಿದ್ದರು. ಉದ್ದನೆ ಕರೀ ಕಾರು ಬಂದು ನಿಂತದ್ದೇ ತಡ, ಒಬ್ಬ ಓಡಿ ಬಂದು ಹಿಂದಿನ ಬಾಗಿಲು ತೆಗೆದ. ಇನ್ನಿಬ್ಬರು ಮೇಷ್ಟ್ರನ್ನು ಹೂವಿನ ಹಾಗೆ ಎತ್ತಿ ನಿಲ್ಲಿಸಿದರು. ಕೊರಳಿಗೆ ಹಾರವೂ ಬಿತ್ತು.

"ಸಾ, ಬೀದಿ ದೀಪ ಉರೀತಿಲ್ಲ," "ಸಾ, ನಮ್ ಬೀದೀಗ್ ನಲ್ಲಿ ಇಲ್ಲ," ಅಂತ ಎಲ್ಲರೂ ಒಟ್ಟಿಗೇ ಮುಗಿಬಿದ್ದರು.

ತಾವು ಸಾಹೇಬರಲ್ಲ ಅಂತ ಮೇಷ್ಟ್ರು ಹೇಳಬೇಕಿತ್ತು. ಬಾಯಿ ತೆರೆದದ್ದೂ ಅದಕ್ಕೇ ಇರಬೇಕು. ಆದರೆ ಆ ನೂಕುನುಗ್ಗಲು ನೋಡಿ ಒಳಗಿನ ಡ್ರಿಲ್ ಮೇಷ್ಟ್ರು ಎದ್ದು ಕೂತರು.

"ಏಯ್! ಏನ್ರಲಾ ಇದು, ಕುರಿ ಮಂದೆ ಇದ್ದಂಗೆ! ಸಾಲಾಗಿ ನಿಲ್ರಿ! ಕುಳ್ಳಗಿರೋರು ಮುಂದೆ, ಉದ್ದಕ್ಕಿರೋರು ಹಿಂದೆ!"

ಜನ ಗಪ್‌ಚಿಪ್ಪಾಗಿ ಎತ್ತರದ ಪ್ರಕಾರ ನಿಂತರು. ಮೇಷ್ಟ್ರು ಒಂದೊಂದೇ ಅರ್ಜಿ ತೆಗೆದುಕೊಂಡು, "ಅಕ್ಷರ ದುಂಡಗೆ ಬರೀಬೇಕು," ಅಂತ ಬುದ್ಧಿ ಹೇಳಿ ಬಗಲಿಗೆ ಇಟ್ಟುಕೊಳ್ಳುತ್ತಿದ್ದರು. ಅಷ್ಟರಲ್ಲಿ ಸ್ಕೂಟರಿನಲ್ಲಿ ಒಬ್ಬರು ಬಂದಿಳಿದು, ಏನಿದು ಗಲಾಟೆ ಅಂತ ನೇರ ಮುಂದಕ್ಕೆ ಬಂದರು. ಬಗಲಲ್ಲಿ ಫೈಲು. ಒಳ್ಳೇ ಆರಡಿ ಆಳು.

ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಂದರು: "ಇಷ್ಟುದ್ದ ಇದ್ದೀಯ, ಮುಂದಕ್ ಬತ್ತೀಯಲ್ಲ! ಓಗು, ಕೊನೇಲ್ ನಿಂತ್ಕೊ!"

ಸಾಹೇಬರು ಹೋಗಿ ನಿಂತೇಬಿಟ್ಟರು.

ಹಂಪಿನ ಮೇಲೆ

ಆ ಸಾಹೇಬರು ಒಳ್ಳೆಯವರು. ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದು ನಕ್ಕು, ಅರ್ಜಿಗಳನ್ನು ಇಸಿದುಕೊಂಡು ನಮ್ಮನ್ನು ಕಳಿಸಿಕೊಟ್ಟರು. ಮೇಷ್ಟ್ರು ಹಾರ ತೆಗೆಯಲೇ ಇಲ್ಲ. ಹಾಗೇ ಅವರ ಮನೆ ಬೀದಿಗೆ ಬಂದೆವು. ಅವರ ಮನೆ ಮುಂದೆಯೇ ಒಂದು ರೋಡ್ ಹಂಪು. ನಿಧಾನಕ್ಕೆ ಹತ್ತಿಸಿದೆ. ಮುಂದಿನ ಚಕ್ರ ದಾಟಿತು, ಹಿಂದಿನದು ದಾಟಲಿಲ್ಲ. ಕಾರಿನ ಹೊಟ್ಟೆ ಹಂಪಿನ ಮೇಲೆ ಕೂತುಬಿಟ್ಟಿತು.

"ಹಂಪ್ ಆಕ್ಸಿದ್ ಯಾರು ಅಂತ ಕೇಳಪ್ಪ," ಅಂದರು ಡೈರಿಯಮ್ಮ.

ಮೇಷ್ಟ್ರು ಕಿಟಕಿಯಾಚೆ ನೋಡತೊಡಗಿದರು. ಡೈರಿಯಮ್ಮನೇ ಹೇಳಿದರು: ಬೈಕಿನ ಹುಡುಗರು ಜೋರಾಗಿ ಓಡಿಸುತ್ತಾರೆ ಅಂತ ಪಂಚಾಯ್ತಿಗೆ ಮೇಲಿಂದ ಮೇಲೆ ಬರೆದು ಹಂಪು ಹಾಕಿಸಿದವರು ಇವರೇ. ಹಾಕಿದ ಮೇಲೆ ತಗ್ಗಾಯಿತು ಅಂತ ಎದುರು ನಿಂತು ಎತ್ತರ ಮಾಡಿಸಿದವರೂ ಇವರೇ.

ಬೀದಿಯಲ್ಲಿ ಅವರ ಹಳೇ ಶಿಷ್ಯರೇ ಎಂಟು ಹತ್ತು ಜನ ಸೇರಿದರು. ನಾನು, ಡೈರಿಯಮ್ಮ ಇಳಿದೆವು. ಅಜ್ಜಿಯನ್ನೂ ಬಿಡಿಸಿ ಇಳಿಸಿದೆವು. ಶಿಷ್ಯರು ಕಾರಿಗೆ ಕೈ ಕೊಟ್ಟರು. ಮೇಷ್ಟ್ರು ಒಳಗಿಂದಲೇ, "ಒಂದ್... ಎರಡ್... ಎತ್ಲಾ!" ಅಂತ ಎಣಿಸುತ್ತಿದ್ದರು. ಕಾರು ಅಲ್ಲಾಡಲಿಲ್ಲ.

ಒಬ್ಬ ಶಿಷ್ಯ ಬೆವರು ಒರೆಸಿಕೊಂಡು, "ಸಾ, ನೀವೂ ಇಳುದ್ರೆ ಎತ್ಬೋದು ಸಾ," ಅಂದ.

"ಇಳಿಯಕ್ ಆಗಂಗಿದ್ರೆ ಆಗ್ಲೇ ಇಳೀತಿರ್ನಿಲ್ವೇನ್ಲಾ? ನನ್ನೂ ಸೇರ್ಸಿ ಎತ್ತು!"

ಗೋಡೆಯಾಚೆ

ಮಾರನೇ ದಿನ ಎಸ್‌ಯುವಿಯ ಸರದಿ. ಮೇಷ್ಟ್ರು ಬರಲಿಲ್ಲ, ಮುನಿಸು. ಡೈರಿಯಮ್ಮ ಒಂದೇ ಹೆಜ್ಜೆಗೆ ಹತ್ತಿ ನನ್ನ ಪಕ್ಕ ಕೂತರು. ಆತಗೂರಿನೊಳಗೆ ನಿಧಾನಕ್ಕೆ ಹೋಗುತ್ತಿದ್ದೆ. ಇಂಜಿನ್ನು, ಬ್ರೇಕು, ಮೈಲೇಜು ಅಂತ ನಾನು ಒಂದೇ ಸಮ ವರ್ಣಿಸುತ್ತಿದ್ದರೆ ಆಕೆಯ ಕಣ್ಣು ಮಾತ್ರ ಪಕ್ಕದ ಕಾಂಪೌಂಡ್ ಗೋಡೆಗಳ ಮೇಲೆ.

"ನಿಲ್ಸು! ನಿಲ್ಸಪ್ಪ!"

ಬ್ರೇಕು ಒತ್ತಿದೆ. ಆ ಎತ್ತರದಿಂದ ಗೋಡೆಯಾಚೆ ಆ ಮನೆಯ ಹಿತ್ತಿಲು ಅಂಗೈ ಹಾಗೆ ಕಾಣುತ್ತಿತ್ತು. ಅಲ್ಲಿ ಬಿಸಿಲಿಗೆ ಬೋರಲು ಹಾಕಿದ ದೊಡ್ಡ ಇಡ್ಲಿ ಪಾತ್ರೆ. ಎರಡು ವರ್ಷದ ಹಿಂದೆ ಆ ಮನೆಯಾಕೆ ನಾಮಕರಣಕ್ಕೆ ಅಂತ ಡೈರಿಯಮ್ಮನಿಂದ ಇಸಿದುಕೊಂಡು, ಕಳ್ಳರು ಹೊತ್ತುಕೊಂಡು ಹೋದರು ಅಂತ ಅತ್ತಿದ್ದಳಂತೆ.

"ಏನಮ್ಮೀ, ಕಳ್ಳ್ರು ತಂದ್ ಕೊಟ್ರಾ?" ಅಂತ ಡೈರಿಯಮ್ಮ ಕಿಟಕಿಯಿಂದಲೇ ಕೂಗಿದರು.

ಬಟ್ಟೆ ಒಣಗಿ ಹಾಕುತ್ತಿದ್ದ ಆಕೆ ಆಕಾಶದಿಂದ ಯಾರು ಕರೆದರು ಅಂತ ಮೇಲೆ ನೋಡಿದಳು. ಮುಖ ಬಿಳುಚಿಕೊಂಡಿತು. ಪಾತ್ರೆ ತಂದು ಗೋಡೆ ಮೇಲಿಂದ ಕಿಟಕಿಗೇ ಕೊಟ್ಟಳು. ಡೈರಿಯಮ್ಮ ಇಳಿಯಲೂ ಇಲ್ಲ.

"ಮೈಲೇಜು ಹೇಳ್ತಿದ್ನಲ್ಲಮ್ಮ..." ಅಂತ ನಾನು ಶುರು ಮಾಡಿದೆ.

"ಅದು ಇರ್ಲಿ ಬುಡಪ್ಪ. ಇಂದ್ಗಡೆ ಬೀದೀಗ್ ಒಂದ್ಸಲ ಬುಡು. ಅಲ್ಲಿ ನಂದೊಂದು ರೊಟ್ಟಿ ತವ ಇರ್ಬೇಕು."

ಯಾರು ಯಾವ ಪಕ್ಷ

ಎರಡು ದಿನ ಬಿಟ್ಟು ಮೇಷ್ಟ್ರ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಲೋ, ಬಿಳೀ ಗಾಡೀನೇ ಇರ್ಲಿ ಕಣ್ಲಾ. ಅವಳ್ಗೆ ಮಂಡಿ ನೋವು. ಮೂವತ್ ವರ್ಷ ಕತ್ಲೇಲ್ ಎದ್ದು ಡೈರೀಗ್ ನಡುದವ್ಳೆ. ಎತ್ತರದ್ ಸೀಟಾದ್ರೆ ಆರಾಮಾಗಿ ಕೂತ್ಕತಾಳೆ. ನಾನ್ ಒಪ್ದೆ ಅಂತ ಮಾತ್ರ ಯೋಳ್ಬೇಡ."

ಅರ್ಧ ಗಂಟೆಗೆ ಡೈರಿಯಮ್ಮನ ಫೋನು.

"ಕರೀ ಕಾರೇ ಕೊಟ್ಬುಡಪ್ಪ. ರಿಟೈರಾದ್ ಮ್ಯಾಕೆ ಅವ್ರ ಮೊಕದಲ್ಲಿ ಕಳೇನೇ ಇರ್ನಿಲ್ಲ. ಆವತ್ತು ಕೊರಳ್ಗೆ ಆರ ಆಕ್ಕಂಡು ಜನುನ್ನ ಸಾಲಾಗ್ ನಿಲ್ಸುದ್ರಲ್ಲ, ಆ ಮೊಕ ಕಣ್ಣಲ್ಲೇ ಅದೆ. ನಾನ್ ಸೋತೆ ಅಂತ ಮಾತ್ರ ಯೋಳ್ಬೇಡ."

ನನ್ನ ಕಣ್ಣು ಒದ್ದೆಯಾಯಿತು. ಜಗಳ ಮುಗಿಯಿತು ಅಂದುಕೊಂಡೆ. ಎಂಥ ಪೆದ್ದ ನಾನು!

ಮಾರನೇ ಬೆಳಿಗ್ಗೆ ಇಬ್ಬರೂ ಬಂದರು. ಮೇಷ್ಟ್ರು, "ಬಿಳೀದು," ಅಂದರು. ಡೈರಿಯಮ್ಮ, "ಕರೀದು," ಅಂದರು. ಒಬ್ಬರನ್ನೊಬ್ಬರು ನೋಡಿಕೊಂಡರು.

"ನಾನ್ ಬಿಳೀದು ಅಂದ್ರೆ ನೀನ್ ಕರೀದು ಅಂತೀಯಾ? ಬೇಕೂಂತ್ಲೇ ಎದ್ರು ಮಾತಾಡ್ತೀಯ!"

"ನೀವೇ ತಾನೆ ಕರೀದು ಕರೀದು ಅಂತ ಕುಣೀತಿದ್ದೋರು? ನಾನ್ ಒಪ್ದಾಗ ಬಿಳೀದು ಅಂತೀರಲ್ಲ!"

ಮಾತು ಬಿಟ್ಟವರು ಮಾತಾಡಿದ್ದೇನೋ ಸರಿ, ನಿಲ್ಲಿಸುವುದು ಹೇಗೆ? ಅವರು ನನ್ನ ಆಫೀಸಿನೊಳಗೆ ಮುಕ್ಕಾಲು ಗಂಟೆ ಕಿತ್ತಾಡುತ್ತಿರುವಾಗ ಹೊರಗೆ ಬಸರಾಳಿನಿಂದ ಒಬ್ಬ ಗಿರಾಕಿ ಬಂದು, ಎಸ್‌ಯುವಿ ನೋಡಿ, ಒಪ್ಪಿ, ಅದೇ ನಿಮಿಷ ತೆಗೆದುಕೊಂಡು ಹೊರಟೇ ಹೋದ. ನಾನು ಒಳಗೆ ಬಂದು ಹೆದರಿಕೊಂಡೇ ವಿಷಯ ಹೇಳಿದೆ.

ಗಂಡ ಹೆಂಡತಿ ಒಂದೇ ಸಲಕ್ಕೆ ಎದ್ದು ನಿಂತರು.

"ನಮ್ ಗಾಡೀನ ಎಂಗ್ಲಾ ಕೊಟ್ಟೆ?" ಅಂದರು ಮೇಷ್ಟ್ರು.

"ಅದ್ ಯೋಗ್ಯವಾ ನಿಂಗೆ?" ಅಂದರು ಡೈರಿಯಮ್ಮ.

ಇದನ್ನೂ ಇವನು ಯಾರಿಗಾದರೂ ಕೊಟ್ಟುಬಿಟ್ಟಾನು ಅಂತ ಇಬ್ಬರೂ ಓಡಿಹೋಗಿ ಕರೀ ಕಾರನ್ನು ಎರಡೂ ಕಡೆಯಿಂದ ಹಿಡಿದುಕೊಂಡರು. ಆವತ್ತೇ ಕಾಗದ ಪತ್ರ ಆಯಿತು. ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಬೀಗದ ಕೈಯನ್ನು ತಟ್ಟೆಯಲ್ಲಿ ಕೊಟ್ಟೆ. ಗಂಡ ಹೆಂಡತಿ ನಗುನಗುತ್ತ ಹೋಗಿ ಹಿಂದಿನ ಸೀಟಿನಲ್ಲಿ ಕೂತರು.

ಐದು ನಿಮಿಷ ಆಯಿತು. ಹತ್ತು ನಿಮಿಷ ಆಯಿತು. ಕಾರು ಹೊರಡಲಿಲ್ಲ. ಹೋಗಿ ಗಾಜು ತಟ್ಟಿದೆ.

"ಸಾ, ಯಾರು ಓಡಿಸೋದು?"

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಹೆಂಡತಿ ಮೇಷ್ಟ್ರ ಮುಖ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಮುಖ ನೋಡಿದರು.

"ಯಾಕ್ಲಾ, ನೀನು ಇದರ ಜೊತೇಲ್ ಬರಕಿಲ್ವಾ?"