‘ಉಳಿಸಲಾಗಿದೆ’ ಎನ್ನುವ ಮಹಾನುಭಾವರಿಗೆ

ಮಕ್ಕಳ ಬೇಸಿಗೆ ಶಿಬಿರದ ಮಾನ್ಯ ಆನ್‌ಲೈನ್ ಅರ್ಜಿಯವರೇ,

ಥಂಡರ್ ಬೇ ನಗರದ ಮಾರ್ಲಿಸ್ ಹಕಾಲಾ ಎಂಬ ಬಡಪಾಯಿ ತಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹಸಿರು ಅಕ್ಷರಗಳಿಂದಲೇ ತಿಳಿಯಿತು. ನಾನು ಗುಂಡಿ ಒತ್ತಿದಾಗಲೆಲ್ಲ ‘ಉಳಿಸಲಾಗಿದೆ’ ಎಂದು ನಗುನಗುತ್ತ ಹೇಳುವ ತಮ್ಮ ಸೌಜನ್ಯವನ್ನು ನಮ್ಮೂರಿನ ಯಾವ ಕಚೇರಿಯಲ್ಲೂ ಕಂಡಿಲ್ಲ.

ನನಗಿರುವುದು ಒಬ್ಬಳೇ ಮಗಳು, ಐನೋ. ಅಕ್ರೋಟಿನ ಒಂದು ಚೂರು ಬಾಯಿಗೆ ಬಿದ್ದರೂ ಅವಳ ಗಂಟಲು ಊದಿ ಉಸಿರು ಕಟ್ಟುತ್ತದೆ. ಹಾಗಾಗಿ ತಮ್ಮಲ್ಲಿ ಮೇಲೆ ನನ್ನ ಹೆಸರು, ಅದರ ಕೆಳಗೆ ಅವಳ ಹೆಸರು, ಅದರ ಕೆಳಗೆ ಅವಳ ಅಲರ್ಜಿ, ಹೀಗೆ ಭಯಭಕ್ತಿಯಿಂದ ತುಂಬಿದೆ. ಮತ್ತೆ ತೆರೆದು ನೋಡಿದರೆ ನಾನಿದ್ದೆ, ಮಗಳಿದ್ದಳು, ಅಲರ್ಜಿ ಮಾತ್ರ ಮಂಗಮಾಯ. ಇನ್ನೊಮ್ಮೆ ತುಂಬಿದೆ, ಇಬ್ಬರು ಐನೋಗಳಾದರು. ಮತ್ತೊಮ್ಮೆ ತುಂಬಿದೆ, ಮೂವರು. ಹೆಗಲ ಮೇಲಿಂದ ಇಣುಕಿದ ನನ್ನ ಗಂಡ ರೇಯೋ, “ಏನೇ ಇದು, ನಂಗೊಂದು ಮಾತೂ ಹೇಳ್ದೆ ಹೆತ್ಬಿಟ್ಯಲ್ಲೇ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಬಸುರಿಲ್ಲ, ಬಾಣಂತನವಿಲ್ಲ, ತಮ್ಮ ಕೈಗುಣವನ್ನು ಎಷ್ಟು ಹೊಗಳಿದರೂ ಸಾಲದು.

ತಮ್ಮನ್ನು ಸೃಷ್ಟಿಸಿದ ಟ್ರೆಂಟ್ ಮಹಾಶಯರಿಗೆ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತೇ ಫೋನು ಮಾಡಿದೆ. “ತುಂಬಾ ಸಿಂಪಲ್ ಮೇಡಂ. ನೀವು ಪೇರೆಂಟು, ಐನೋ ಚೈಲ್ಡು, ಅಲರ್ಜಿ ನಿಮ್ಮ ಮೊಮ್ಮಗು. ಮೊಮ್ಮಕ್ಕಳನ್ನ ಒಳಗೆ ಬಿಡು ಅಂತ ನಾನು ಕೋಡಲ್ಲಿ ಬರ್ದಿಲ್ಲ. ಹಳೇ ಮಗೂನ ಗುರುತಿನ ನಂಬರ್ ವಾಪಸ್ ಕಳ್ಸೋದೂ ಮರ್ತಿದೀನಿ, ಅದಕ್ಕೇ ಸೇವ್ ಮಾಡ್ದಾಗೆಲ್ಲ ಹೊಸ ಮಗು ಹುಟ್ಟುತ್ತೆ. ಅದನ್ನ ಸರಿ ಮಾಡ್ತೀನಿ, ಬೇಡದ ಮಕ್ಕಳನ್ನ ನೀವೇ ಅಳಿಸ್ಬಿಡಿ” ಎಂದರು. “ಯಾವ ಮಗೂನ ಇಟ್ಕೊಳ್ಲಿ, ಯಾವುದನ್ನ ಮುಗಿಸ್ಲಿ?” ಎಂದು ನಾನು ಕಿರುಚಿದ್ದಕ್ಕೆ ಹಿಂದೆ ನಿಂತಿದ್ದ ಹೆಂಗಸು ತನ್ನ ಕೂಸನ್ನು ಎದೆಗವಚಿಕೊಂಡು ಬೇರೆ ಸಾಲಿಗೆ ಹೋದಳು.

ಹೇಳಿದಂತೆ ಇಬ್ಬರನ್ನು ಅಳಿಸಿ, ಅಲರ್ಜಿಯನ್ನು ಮತ್ತೆ ತುಂಬಿದೆ. ‘ಉಳಿಸಲಾಗಿದೆ’ ಎಂದಿರಿ. ಹುಚ್ಚಿ, ನಂಬಿದೆ. ಬಸ್ಸು ಹೊರಡುವ ಬೆಳಿಗ್ಗೆ ಶಿಬಿರದ ಮೇಲ್ವಿಚಾರಕಿ ಕೀಶಾ ಮಕ್ಕಳಿಗೆ ಹಂಚಲು ಅಕ್ರೋಟು ಬೆರೆತ ತಿಂಡಿಯ ಪೊಟ್ಟಣಗಳನ್ನು ಹಿಡಿದು ನಿಂತಿದ್ದಳು. ನಾನು ಅಡ್ಡಬಂದರೆ, “ಐನೋಗೆ ಅಲರ್ಜಿ ಅಂತ ಸಿಸ್ಟಮ್‌ನಲ್ಲಿ ಏನೂ ಇಲ್ವಲ್ಲ” ಎಂದಳು. “ಅವಳನ್ನ ಹೆತ್ತಿದ್ದು ಸಿಸ್ಟಮ್ ಅಲ್ಲ ಕಣಮ್ಮ, ನಾನು!” ಎಂದು ಕೂಗಿ, ಅಗಲ ಟೇಪಿನ ಮೇಲೆ ‘ಅಕ್ರೋಟು ಕೊಟ್ಟರೆ ಸಾಯುತ್ತೇನೆ’ ಎಂದು ದಪ್ಪಗೆ ಬರೆದು ಮಗಳ ಬೆನ್ನಿಗೆ ಅಂಟಿಸಿದೆ. ಕೀಶಾ ಅದನ್ನೋದಿ ಪೊಟ್ಟಣಗಳನ್ನೆಲ್ಲ ಬಸ್ಸಿನಿಂದ ಇಳಿಸಿದಳು.

ಆದ್ದರಿಂದ ನನ್ನ ಬಿನ್ನಹವಿಷ್ಟೇ: ಬೇಕಾದರೆ ತಾಯಿಯನ್ನು ಕೈಬಿಡಿ, ಅಪ್ಪನ ಹೆಸರನ್ನು ಸರೋವರಕ್ಕೆ ಎಸೆಯಿರಿ, ನಮ್ಮ ವಿಳಾಸವನ್ನು ಚಂದ್ರಲೋಕಕ್ಕೆ ಬದಲಿಸಿ; ಆ ಮೊಮ್ಮಗುವನ್ನು ಮಾತ್ರ ಐನೋಳ ಮಡಿಲಿಗೆ ಹಾಕಿ. ಅದೂ ಆಗದಿದ್ದರೆ, ಅದೇ ಹಸಿರು ಅಕ್ಷರಗಳಲ್ಲಿ ‘ಕ್ಷಮಿಸಿ, ಮರೆತೆ’ ಎಂದಾದರೂ ಹೇಳಲು ಕಲಿಯಿರಿ.

ತಾವಾಗಿಯೇ ಅಳಿಸಿಹಾಕುವ ತನಕ,
ತಮ್ಮ ವಿಶ್ವಾಸಿ,
ಮಾರ್ಲಿಸ್ ಹಕಾಲಾ

ತಾ.ಕ.: ಈಗಷ್ಟೇ ತಮ್ಮ ಇಮೇಲ್ ತಲುಪಿತು. ಕಳೆದುಹೋದ ಅಲರ್ಜಿಯನ್ನು ಹುಡುಕಿ, ಅದನ್ನು ನನ್ನ ಎರಡನೆಯ ಮಗುವೆಂದು ನಮೂದಿಸಿ, ‘ಚಿ. ಅಕ್ರೋಟು ಹಕಾಲಾ’ನಿಗೆ ನಾಳೆ ಹೊರಡುವ ಇನ್ನೊಂದು ಬಸ್ಸಿನಲ್ಲಿ ಸೀಟನ್ನೂ ಅಕ್ಕ ಐನೋ ಮಲಗುವ ಡೇರೆಯಲ್ಲೇ ಜಾಗವನ್ನೂ ಕೊಟ್ಟಿದ್ದೀರಿ. ಕೈಮುಗಿಯುತ್ತೇನೆ, ಇವನೊಬ್ಬನನ್ನು ಉಳಿಸಬೇಡಿ.