ಷಡ್ಡಕನ ಬ್ರಾಕೆಟ್ಟುಗಳು

ನನ್ನ ಷಡ್ಡಕನಿಗೆ ಒಂದು ಬ್ರಾಕೆಟ್ ಕಡಿಮೆ ಬಿದ್ದರೆ ಊಟ ಸೇರುವುದಿಲ್ಲ. ಸುಳ್ಳಲ್ಲ, ಕಣ್ಣಾರೆ ಕಂಡಿದ್ದೇನೆ. ಎದುರಿಗೆ ಎಣಗಾಯಿ, ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ ಇದ್ದಾಗಲೂ! ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಒಂದೇ ಮನೆಗೆ ಇಬ್ಬರು ಅಳಿಯಂದಿರು ಎಂದ ಮೇಲೆ ಒಬ್ಬನನ್ನು ಕಂಡರೆ ಇನ್ನೊಬ್ಬನಿಗೆ ಹೊಟ್ಟೆ ಉರಿಯಬೇಕು ಎನ್ನುವುದು ಲೋಕರೂಢಿ. ನಮ್ಮಲ್ಲಿ ಆ ಕೆಲಸವನ್ನು ನಾನೊಬ್ಬನೇ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೇನೆ. ಆತನಿಗೆ ಅದಕ್ಕೂ ಪುರುಸೊತ್ತಿಲ್ಲ.

ಆತನದು ರಾಣೆಬೆನ್ನೂರಿನಲ್ಲಿ ಒಂದೇ ಕೋಣೆಯ ಕಾರ್ಖಾನೆ. ರೈತರು ಮನೆಯಲ್ಲೇ ಕುಳಿತು ಮೊಬೈಲಿನಿಂದ ಬೋರ್‌ವೆಲ್ ಮೋಟರು ಚಾಲೂ ಮಾಡುತ್ತಾರಲ್ಲ, ಆ ಸ್ಟಾರ್ಟರ್ ಡಬ್ಬಿಗಳನ್ನು ತಯಾರಿಸುತ್ತಾನೆ. ಬೆಸುಗೆ ಹಾಕುವವನೂ ಆತನೇ, ಡಬ್ಬಿಯೊಳಗಿನ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವವನೂ ಆತನೇ. ನಾನೋ, ಹಾವೇರಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಅದೇ ಸಿ ಭಾಷೆ ಕಲಿಸುವ ಮಾಸ್ತರ. ಪಾಠ ಹೇಳುವವನು ನಾನು, ಹೊಗಳಿಸಿಕೊಳ್ಳುವವನು ಆತ. ನೀವೇ ಹೇಳಿ, ಉರಿಯಬಾರದೆ?

ಈಗ ಮ್ಯಾಕ್ರೊ ಎಂಬ ಶಬ್ದ ಬರುತ್ತದೆ, ಗಾಬರಿಯಾಗಬೇಡಿ. ಉದ್ದದ ಮಾತಿಗೆ ಇಟ್ಟ ಅಡ್ಡಹೆಸರು, ಅಷ್ಟೇ. ಪ್ರೋಗ್ರಾಮಿನ ಮೇಲ್ಗಡೆ ಒಮ್ಮೆ ಬರೆದಿಟ್ಟರೆ ಸಾಕು, ಆ ಹೆಸರು ಬಂದಲ್ಲೆಲ್ಲ ಕಂಪ್ಯೂಟರು ಪೂರ್ತಿ ಮಾತನ್ನು ತಂದು ಅಂಟಿಸುತ್ತದೆ. ತಲೆ ಖರ್ಚು ಮಾಡುವುದಿಲ್ಲ, ಬರೀ ಅಂಟಿಸುತ್ತದೆ. ಎರಡು ಕೂಡಿಸು ಮೂರು, ಇದರ ವರ್ಗ ಎಷ್ಟು ಎಂದರೆ ಇಪ್ಪತ್ತೈದು ಬರಬೇಕಷ್ಟೆ? ಬ್ರಾಕೆಟ್ ಹಾಕದೆ ಬರೆದ ಮ್ಯಾಕ್ರೊ ಅದನ್ನು 2+3×2+3 ಎಂದು ಅಂಟಿಸಿ, ನಡುವಿನ ಮೂರನ್ನೂ ಎರಡನ್ನೂ ಮೊದಲು ಗುಣಿಸಿ, ಹನ್ನೊಂದು ಎಂದು ಧೈರ್ಯವಾಗಿ ಉತ್ತರ ಕೊಡುತ್ತದೆ. ಇದನ್ನು ಕಂಡು ನಾವೆಲ್ಲ ನಕ್ಕು, ಒಂದು ಬ್ರಾಕೆಟ್ ಹಾಕಿ ಮುಂದೆ ಹೋದೆವು. ನನ್ನ ಷಡ್ಡಕ ಮುಂದೆ ಹೋಗಲಿಲ್ಲ. ಇಂಥ ತಪ್ಪುಗಳನ್ನು ಹಿಡಿಯುವುದಕ್ಕೆಂದೇ ಇನ್ನೊಂದು ಪ್ರೋಗ್ರಾಮು ಬರೆದ! ಯಾರ ಬರಹ ಕೊಟ್ಟರೂ ಅದು ಮ್ಯಾಕ್ರೊಗಳನ್ನು ಒಂದೊಂದಾಗಿ ತಡಕಿ ನೋಡುತ್ತದೆ, ತಪ್ಪು ಸಿಕ್ಕಲ್ಲಿ ಬೈಯುತ್ತದೆ. ಅದೂ ನಮ್ಮ ಕಡೆಯ ಕನ್ನಡದಲ್ಲಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಮಾವನವರಿಗೆ ಸಿ ಭಾಷೆಯೂ ಗೊತ್ತಿಲ್ಲ, ಮ್ಯಾಕ್ರೊವೂ ಗೊತ್ತಿಲ್ಲ. ಹಿರಿಯ ಅಳಿಯ ಜಾಣ ಎನ್ನುವುದು ಮಾತ್ರ ಖಚಿತವಾಗಿ ಗೊತ್ತು. ಅವರ ಮಗನ ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ಮೊದಲು ಕೈಗೆತ್ತಿಕೊಂಡವನು ನಾನು. ಹೆಣ್ಣಿನ ತಂದೆಯ ಹೆಸರಿನ ಮುಂದೆ ಒಂದು ಬ್ರಾಕೆಟ್ ತೆರೆದಿತ್ತು, ಎಲ್ಲೂ ಮುಚ್ಚಿರಲಿಲ್ಲ. ಹೇಳಿದೆ.

"ಶುಭಕಾರ್ಯದಾಗ ಕೊಂಕು ತಗೀಬ್ಯಾಡ್ರಿ ಅಳಿಯಾರ" ಎಂದರು ಮಾವ.

ಅರ್ಧ ತಾಸಿಗೆ ಷಡ್ಡಕ ಬಂದ. ಊಟಕ್ಕೆ ಕುಳಿತು ಪತ್ರಿಕೆ ನೋಡಿದ. ಊಟದ ಎಲೆ ಬಿಟ್ಟು ಎದ್ದೇಬಿಟ್ಟ. "ಮಾವಾರ, ಇಲ್ಲಿ ಬ್ರಾಕೆಟ್ ತಗದಾರ, ಮುಚ್ಚಿಲ್ಲ ನೋಡ್ರಿ. ಹಿಂಗಾದ್ರ ಕೆಳಗ ಇರೋ ಮಂದಿ ಅಷ್ಟೂ ಬೀಗರ ಹೆಸರಿನ ಒಳಗ ಕುಂತಂಗ ಆತು!"

"ಏನ್ ಕಣ್ಣು, ಏನ್ ಸೂಕ್ಷ್ಮ!" ಎಂದು ಮಾವ ಇಡೀ ಕಟ್ಟನ್ನೇ ಪ್ರೆಸ್ಸಿಗೆ ವಾಪಸು ಕಳಿಸಿದರು. ಅದೇ ಬ್ರಾಕೆಟ್, ಅದೇ ಕಾಗದ! ನಾನು ಹೇಳಿದರೆ ಕೊಂಕು, ಆತ ಹೇಳಿದರೆ ಸೂಕ್ಷ್ಮ.

ಇಷ್ಟು ಸಾಲದೆಂದು ನನ್ನ ಹೆಂಡತಿ ಉಪಕಾರಕ್ಕೆ ಹೊರಟಳು. "ನಮ್ಮ ಮಾಮಾನ ಆ ಬೈಯೋ ಪ್ರೋಗ್ರಾಮ್ ನಿಮ್ಮ ಕಾಲೇಜಿಗೆ ಇಸ್ಕೊಳ್ರಿ, ನಿಮ್ಮ ಹುಡುಗರೂ ಛಲೋ ಕಲೀಲಿ" ಎಂದಳು. ಆತ ಕುಣಿಯುತ್ತ ಬಂದು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ. ಒಳಗಿನ ಮೂಲ ಬರಹವನ್ನೂ ಬಿಡದೆ ಕೊಟ್ಟ. ವಾರದೊಳಗೆ ನಮ್ಮ ವಿದ್ಯಾರ್ಥಿಗಳು ಅದಕ್ಕೆ 'ಕಾಕಾ' ಎಂದು ಹೆಸರಿಟ್ಟರು. ನನ್ನ ಪಾಠಕ್ಕೆ ಆಕಳಿಸುತ್ತಿದ್ದವರು ಕಾಕಾನ ಕೈಲಿ ಬೈಸಿಕೊಳ್ಳಲು ಸಾಲು ಹಚ್ಚಿದರು!

ನನಗೆ ಆಗ ದುರ್ಬುದ್ಧಿ ಬಂತು. ನಿರ್ದೋಷ ಪ್ರೋಗ್ರಾಮು ಹೇಗಿರುತ್ತದೆ ನೋಡಿ ಎಂದು, ಹದಿನಾಲ್ಕು ವರ್ಷ ಕಲಿಸಿದ ನನ್ನ ಅರವತ್ತು ಸಾಲಿನ ಪ್ರೋಗ್ರಾಮನ್ನು ದೊಡ್ಡ ಪರದೆಯ ಮೇಲೆ ಕಾಕಾನಿಗೆ ಕೊಟ್ಟೆ. ಪರದೆ ತುಂಬಿ ಹರಿಯಿತು.

"ಸಾಲು ಆರು: ಬ್ರಾಕೆಟ್ ಎಲ್ಲಿ ಮರತ ಬಂದೀಪಾ?"

"ಸಾಲು ಒಂಬತ್ತು: ಮ್ಯಾಕ್ರೊದ ಹೆಸರು ದೊಡ್ಡಕ್ಷರದಾಗ ಬರಿ. ದೂರಿಂದ ಕಾಣಬೇಕು ಅದು."

"ಸಾಲು ಹದಿನಾಲ್ಕು: ಬಾಲಕ್ಕ ಸೆಮಿಕೋಲನ್ ಯಾಕ ಕಟ್ಟೀದಿ?"

ಇಡೀ ಲ್ಯಾಬು ಒಕ್ಕೊರಲಿನಿಂದ ಓದುತ್ತಿತ್ತು. ಕೊನೆಯ ಸಾಲು ನನ್ನನ್ನು ಮುಗಿಸಿತು: "ಒಟ್ಟು ನಲವತ್ತೊಂದು ತಪ್ಪು. ಇರಲಿ, ಇನ್ನೂ ಕಲಿಯಾಕತ್ತೀದಿ."

ಅಂದೇ ನಿಶ್ಚಯಿಸಿದೆ. ಒಂದು ಸಲ, ಒಂದೇ ಒಂದು ಸಲ, ಈ ಮನುಷ್ಯನ ತಪ್ಪು ಹಿಡಿಯಬೇಕು. ಕಾಕಾನ ಮೂಲ ಬರಹವನ್ನು ಕಾಗದಕ್ಕಿಳಿಸಿದೆ, ಇನ್ನೂರಕ್ಕೂ ಹೆಚ್ಚು ಹಾಳೆಯಾಯಿತು. ನಾಲ್ಕು ತಿಂಗಳು ಓದಿದೆ. ಬಸ್ಸಿನಲ್ಲಿ ಓದಿದೆ, ಪರೀಕ್ಷಾ ಮೇಲ್ವಿಚಾರಣೆಯಲ್ಲಿ ಓದಿದೆ, ಮೋಟೆಬೆನ್ನೂರಿನ ಒಂದು ಮದುವೆ ಪಂಗ್ತಿಯಲ್ಲಿ ಪಾಯಸ ಬರುವ ತನಕ ಓದಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಗೀಚಿದೆ. ಗಂಡನಿಗೆ ಈ ವಯಸ್ಸಿನಲ್ಲಿ ವಿದ್ಯೆ ಹತ್ತಿತೆಂದು ಹೆಂಡತಿ ಹಾಲಿಗೆ ಬಾದಾಮಿ ಹಾಕಿಕೊಟ್ಟಳು.

ಓದಿದಷ್ಟೂ ಉರಿ ಹೆಚ್ಚಾಯಿತು. ಬರಹ ಅಷ್ಟು ಚೊಕ್ಕ! ಪ್ರತಿ ನಿಯಮದ ತಲೆಯ ಮೇಲೂ ಅದು ಯಾಕೆ ಬಂತು ಎಂದು ಬರೆದಿದ್ದ. "ಕುಪ್ಪೇಲೂರಿನಾಗ ಮೋಟರು ಬ್ಯಾಡ ಅಂದ ಮ್ಯಾಲೂ ಚಾಲೂ ಆತು. ತಪ್ಪು ನಂದು." ಇನ್ನೊಂದರ ಮೇಲೆ: "ಇದನ್ನೂ ನಾನ ಮಾಡೇನಿ." ವಿನಯದ ಸೋಗು ನೋಡಿ ಎಂದು ಹಲ್ಲು ಕಡಿದೆ.

ಕೊನೆಗೂ ಸಿಕ್ಕಿತು! ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಆರಿಸುವ ಒಂದು ಪುಟ್ಟ ಮ್ಯಾಕ್ರೊ. ಬ್ರಾಕೆಟ್ಟುಗಳು ಸರಿ, ದೊಡ್ಡಕ್ಷರ ಸರಿ. ಆದರೆ ಅಂಟಿಸುವಾಗ ಅದು ಒಂದೇ ಮಾತನ್ನು ಎರಡು ಕಡೆ ಅಂಟಿಸುತ್ತಿತ್ತು. ಹೀಗಾಗಿ ಒಂದು ಹೆಜ್ಜೆ ಮುಂದಿಡು ಎಂದರೆ ಕೆಲವೊಮ್ಮೆ ಎರಡು ಹೆಜ್ಜೆ ಇಡುತ್ತಿತ್ತು. ಹನ್ನೆರಡನೇ ಸಾಲಿನ ತಪ್ಪಿಗೆ ಕಾಕಾ ಹದಿಮೂರನೇ ಸಾಲನ್ನು ಬೈಯುತ್ತಿದ್ದ! ಪರೀಕ್ಷಿಸಿ ನೋಡಿದೆ, ಖರೇ. ಆ ಸಂತೋಷವನ್ನು ಹೇಗೆ ಹೇಳಲಿ? ಮಗಳು ಹುಟ್ಟಿದ ದಿನ ಬಿಟ್ಟರೆ ಅಷ್ಟು ಹಿಗ್ಗಿದ್ದು ಅಂದೇ.

ಭಾನುವಾರ ಮಾವನ ಮನೆಯಲ್ಲಿ ಎಲ್ಲರ ಎದುರಿಗೆ ಹೇಳಬೇಕೆಂದು ಬ್ಯಾಡಗಿಗೆ ಹೋದೆ. ಆತ ಬಂದಿರಲಿಲ್ಲ. ತಡೆಯಲಾರದೆ ಮಾವನವರಿಗೇ ಹೇಳಿದೆ.

"ಅಲ್ರಿ ಅಳಿಯಾರ, ಅವರ ತಪ್ಪು ನನಗ್ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ" ಎಂದರು.

ಹಾಗೇ ಎದ್ದು ಬಸ್ಸು ಹತ್ತಿದೆ. ಕದರಮಂಡಲಗಿ ದಾಟುವವರೆಗೂ ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ರಾಣೆಬೆನ್ನೂರಿನ ಆ ಕೋಣೆಯಲ್ಲಿ ಆತ ಒಬ್ಬನೇ ಡಬ್ಬಿಯೊಂದರ ಸ್ಕ್ರೂ ಬಿಗಿಯುತ್ತ ಕುಳಿತಿದ್ದ. ಹಾಳೆಗಳ ಕಟ್ಟನ್ನು ಎದುರಿಗೆ ಒಗೆದು ಹೇಳಿದೆ, "ಅಣ್ಣಾರ, ನಿಮ್ಮ ಮ್ಯಾಕ್ರೊದಾಗ ತಪ್ಪೈತಿ."

ಆತ ನಾನು ಬೆರಳಿಟ್ಟ ಜಾಗ ನೋಡಿದ. "ಹೌದಲ್ರೀ" ಎಂದ. ಮುಖ ಸಣ್ಣದಾಗುತ್ತದೆಂದು ಕಾದೆ. ಆತ ಹಾಳೆ ಹಿಂದಕ್ಕೆ ತಿರುವಿದ. ಇನ್ನೊಂದು, ಮತ್ತೊಂದು. ಎಲ್ಲ ಅಂಚಿನಲ್ಲೂ ನನ್ನ ಪೆನ್ಸಿಲು.

"ಸರ, ಇದನ್ನ… ಎಲ್ಲಾ ಓದೀರೇನ್ರಿ?"

"ಎಲ್ಲಾ."

ಸ್ಕ್ರೂಡ್ರೈವರು ಕೆಳಗಿಟ್ಟ. ಧ್ವನಿ ಬೇರೆಯಾಗಿತ್ತು. "ಏಳು ವರ್ಷ ಆತ್ರಿ ಬರದು. ಬಳಸಿದವರು ಭಾಳ ಮಂದಿ, ಓದಿದವರು ಒಬ್ಬರೂ ಇಲ್ಲ. ನಾನೊಬ್ಬನ ಕುಂತು ಬರೀತೀನ್ರಿ. ತಪ್ಪಾತಂದ್ರ ಯಾರದಾರ ಹೊಲದಾಗ ಗೊತ್ತಾಗತೈತಿ, ಅಲ್ಲೀತನಾ ಹೇಳೋರಿಲ್ಲ. ಅದಕ್ಕ ಬೈಯೋದೊಂದು ನಾನ ಮಾಡಿಕೊಂಡೆ. ಆದ್ರ ಅದನ್ನ ಬರದವನೂ ನಾನ ಅಲ್ರಿ? ನನಗ ತಿಳೀಲಾರದ್ದು ಅದಕ್ಕೂ ತಿಳಿಯೂದಿಲ್ಲ."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನನಗೆ ನಾಚಿಕೆಯಾಯಿತು, ಇದ್ದದ್ದನ್ನು ಹೇಳಿಬಿಟ್ಟೆ. "ಅಣ್ಣಾರ, ನಾ ಪ್ರೀತಿಲೆ ಓದಿಲ್ರಿ. ಹೊಟ್ಟೆಕಿಚ್ಚಿಗೆ ಓದೇನಿ."

ಆತ ಕಣ್ಣೊರೆಸಿಕೊಂಡು ನಕ್ಕ. "ಯಾಕಾರ ಓದ್ರಿ. ಓದೀರಲ್ಲ."

ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಎದ್ದು ಅದನ್ನು ನನ್ನ ಕಡೆ ಸರಿಸಿದ, ತಾನು ನೆಲದ ಮೇಲೆ ಕಾಲು ಮಡಚಿ ಕುಳಿತ. "ಮೊದಲನೇ ಹಾಳಿಯಿಂದ ಹೇಳ್ರಿ ಸರ. ಒಂದೂ ಬಿಡಬ್ಯಾಡ್ರಿ" ಎಂದ. ನಾನೂ ಕುರ್ಚಿ ಬಿಟ್ಟು ಆತನ ಪಕ್ಕದಲ್ಲಿ ನೆಲಕ್ಕೇ ಕುಳಿತೆ, ಮೊದಲನೆಯ ಹಾಳೆ ತೆಗೆದೆ.