ಅಂಗಳಕ್ಕೆ ಬಂದ ಕೆರೆಗೋಡು

ನಮ್ಮ ರಿಪ್ಪನ್‌ಪೇಟೆಯ ಕೆರೆಯನ್ನು ಕೊಳಕು ಮಾಡಿದವರ ಮೇಲೆ ನನಗಿದ್ದಷ್ಟು ಸಿಟ್ಟು ಬೇರೆ ಯಾರಿಗೂ ಇರಲಿಲ್ಲ. ನನ್ನ ಬ್ಯಾಟರಿ ಅಂಗಡಿಗೆ ಬಂದ ಗಿರಾಕಿಗೆ ಮೊದಲು ಭಾಷಣ, ಆಮೇಲೆ ಬ್ಯಾಟರಿ. ರಿಪೇರಿಗೆ ಬಂದ ಪ್ರತಿ ಬ್ಯಾಟರಿಯ ಮೇಲೂ ಅದು ಯಾರದ್ದೆಂದು ಬಿಳಿ ಪೇಂಟಿನಲ್ಲಿ ಬರೆದಿಡುವ ಶಿಸ್ತಿನ ಮನುಷ್ಯ ನಾನು. ಶಿಸ್ತಿಲ್ಲದ ಜನರನ್ನು ಕಂಡರೆ ಮೈ ಉರಿಯುತ್ತದೆ! ಹೀಗೆ ಕೂಗಿ ಕೂಗಿ ಕಡೆಗೆ ಹೂಳೆತ್ತುವ ಸಮಿತಿಗೆ ನಾನೇ ಅಧ್ಯಕ್ಷನಾದೆ.

ಮಣ್ಣು ಪರೀಕ್ಷೆಗೆ ಬಂದ ಮೇಡಂ ಕೆಸರನ್ನು ಡಬ್ಬಿಗೆ ತುಂಬಿಕೊಂಡು, "ವರದಿ ಬರೋ ತನಕ ಹೂಳನ್ನ ಯಾರಿಗೂ ಕೊಡ್ಬೇಡಿ ಸಾರ್" ಎಂದರು. ಕೆರೆಗೋಡಿಗೂ ಪರೀಕ್ಷೆಯೇ! ಬೇಸಿಗೆ ಬಂದರೆ ಕೆರೆಯ ಹೂಳು ಹೊತ್ತು ತೋಟಕ್ಕೆ ಹಾಕಿದ ವಂಶ ನಮ್ಮದು. ಗೋಡು ಎಂದರೆ ಗೊಬ್ಬರ, ಅಷ್ಟೇ. ಜನರಿಗೆ ಧೈರ್ಯ ತುಂಬುವ ಸಲುವಾಗಿ ಮೊದಲ ಟ್ರ್ಯಾಕ್ಟರ್ ಲೋಡನ್ನು ನನ್ನ ಅಂಗಳಕ್ಕೇ ಸುರಿಸಿ, ಹರಡಿಸಿದೆ.

ಅಂಗಳದಲ್ಲಿ ನನ್ನ ಹೆಂಡತಿ ಶಾರದೆ ನೆಟ್ಟ ಡೇರೆ ಹೂವಿನ ಗಡ್ಡೆಗಳಿದ್ದವು. ಮೇಳಿಗೆಯ ತವರಿನಿಂದ ಅವಳಮ್ಮ ಕೊಟ್ಟಿದ್ದ ಕಡುಗೆಂಪು ಡೇರೆಯೂ ಅಲ್ಲೇ. ಅಮ್ಮ ಈಗಿಲ್ಲ. ಆ ಬಣ್ಣವೂ ಮೇಳಿಗೆಯಲ್ಲಿ ಉಳಿದಿಲ್ಲ.

"ಎಂತ ಮಾರಾಯ್ರೆ ಇದು, ಗ್ಯಾರೇಜ್ ವಾಸನೆ ಹೊಡಿತಿದೆ?"

"ಹಳೇ ಸಾರ ಕಣೆ, ಹಂಗೇ ಇರ್ತದೆ. ಈ ಸಲ ಸಾಗರದ ಹೂವಿನ ಪ್ರದರ್ಶನದಲ್ಲಿ ಪ್ರೈಜ್ ನಿಂದೇ!"

ಮೂರು ವಾರವಾದರೂ ಒಂದು ಗಡ್ಡೆಯೂ ಚಿಗುರಲಿಲ್ಲ. ವರದಿ ಮಾತ್ರ ಬಂತು. ಕೆಸರಿನಲ್ಲಿ ಸೀಸವಿದೆ, ಎಣ್ಣೆಯಿದೆ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ತೋಟಕ್ಕೆ ಹಾಕುವಂತಿಲ್ಲ, ಕೆರೆಗೆ ವಾಪಸು ಸುರಿಯುವಂತೆಯೂ ಇಲ್ಲ! ಬೇರೆ ಜಾಗ ಗೊತ್ತಾಗುವವರೆಗೆ ಟಾರ್ಪಾಲು ಮುಚ್ಚಿ ಅಧ್ಯಕ್ಷರ ಅಂಗಳದಲ್ಲೇ ಇಡತಕ್ಕದ್ದೆಂದು ಸಮಿತಿ ನನ್ನ ಅಧ್ಯಕ್ಷತೆಯಲ್ಲಿಯೇ ಸರ್ವಾನುಮತದಿಂದ ತೀರ್ಮಾನಿಸಿತು.

ನಾನು ಬೇಲಿಯ ಬಳಿ ನಿಂತು ಬೀದಿಗೆಲ್ಲ ಕೇಳುವಂತೆ ಗುಡುಗಿದೆ. "ಯಾವ ಪಾಪಿ ಕೆರೆಗೆ ಸೀಸ ಹಾಕಿದ್ದು? ಹೆಸರು ಗೊತ್ತಾಗ್ಲಿ, ಸ್ಟೇಷನ್ನಿಗೆ ಎಳೀತೀನಿ!"

ಟಾರ್ಪಾಲು ಮುಚ್ಚುವ ಮೊದಲೇ ಗಡ್ಡೆ ಹುಡುಕಲು ಶಾರದೆ ಗ್ಲೌಸು ಹಾಕಿಕೊಂಡು ಕೆಸರು ಕೆದಕುತ್ತಿದ್ದಳು. ಕಡುಗೆಂಪು ಡೇರೆಯ ಗಡ್ಡೆ ಸಿಕ್ಕಿತು. ಒತ್ತಿದರೆ ಕೊಳೆತ ನೀರು. ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು. ಪಕ್ಕದಲ್ಲೇ ಒಡೆದ ಬ್ಯಾಟರಿ ಡಬ್ಬವೊಂದು ಸಿಕ್ಕಿತು. ಒರೆಸಿ ನೋಡಿದಳು. ಬಿಳಿ ಪೇಂಟಿನಲ್ಲಿ ದುಂಡಗೆ ಬರೆದಿತ್ತು: 'ಮೇಷ್ಟ್ರ ಜೀಪು'.

"ಕೂಗಿದ್ದು ಸಾಕು, ಇಲ್ಲಿ ಬನ್ನಿ. ಇದು ಯಾರ ಅಕ್ಷರ?"

ಒಳಗಿನ ಸೀಸದ ತಗಡು ಗುಜರಿಗೆ ಹಾಕಿ, ಸೀಸದ ಪುಡಿ ಬೆರೆತ ಆಸಿಡ್ಡನ್ನೂ ಒಡೆದ ಡಬ್ಬವನ್ನೂ ಅಂಗಡಿಯ ಹಿಂದಿನ ಚರಂಡಿಗೆ ಎಸೆಯುತ್ತಿದ್ದವನು ನಾನೇ. ಆ ಚರಂಡಿ ಕೆರೆಗೆ ಹೋಗುವುದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಶಾರದೆ ಆ ಡಬ್ಬವನ್ನು ತೊಳೆದು ಜಗಲಿಯ ಮೇಲಿಟ್ಟಿದ್ದಾಳೆ. ಡೇರೆ ನೋಡಲು ಬಂದವರಿಗೆಲ್ಲ ಈಗ ಅದನ್ನೇ ತೋರಿಸುತ್ತಾಳೆ. ಅಕ್ಷರ ಮಾತ್ರ ಬಹಳ ಚೆನ್ನಾಗಿದೆ ಎನ್ನುತ್ತಾರೆ ಎಲ್ಲರೂ!